ಗೋಪುರಕ್ಕಿಂತ ಮೊದಲು ಹಾಡು: ಸ್ಥಳೀಯ ಸಂಗೀತಗಾರರಿಗಾಗಿ ಸಮುದಾಯ ಬಾನುಲಿ ಕಟ್ಟುವ ಬಗೆ

ಸಮುದಾಯ ಬಾನುಲಿ ಕೇಂದ್ರ ತೆರೆಯಬೇಕೆಂದು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಟ್ರಾನ್ಸ್‌ಮಿಟರ್ ಎಷ್ಟು ವಾಟ್‌ನದು ಬೇಕು, ಗೋಪುರ ಎಷ್ಟು ಎತ್ತರ ಇರಬೇಕು? ಇವೆರಡೂ ಕೊನೆಗೆ ಕೇಳಬೇಕಾದವು. ಉತ್ತರವನ್ನು ಬಹುಪಾಲು ಕಾನೂನೇ ಕೊಟ್ಟುಬಿಡುತ್ತದೆ. ಸ್ಥಳೀಯ ಸಂಗೀತಗಾರರನ್ನು ಮುಂದಕ್ಕೆ ತರುವುದೇ ಕೇಂದ್ರದ ಉದ್ದೇಶವಾದರೆ ಮೊದಲು ಎಣಿಸಬೇಕಾದದ್ದು ಹಾಡುಗಳನ್ನು. ಗೋಪುರ ಎದ್ದು ನಿಂತಮೇಲೆ ಹಾಕಲು ಸಾಮಗ್ರಿ ಇಲ್ಲದಿದ್ದರೆ ಉಳಿಯುವ ದಾರಿ ಒಂದೇ, ಎಲ್ಲ ಕೇಂದ್ರಗಳೂ ಹಾಕುವ ಜನಪ್ರಿಯ ಹಾಡುಗಳನ್ನೇ ಹಾಕುತ್ತ ಕೂರುವುದು. ಆಗ ಸುತ್ತಮುತ್ತಲಿನ ಕಲಾವಿದರ ಪಾಲಿಗೆ ಬರುವುದು ವಾರಕ್ಕೊಮ್ಮೆ ಅರ್ಧ ಗಂಟೆ, ಅದೂ ಯಾರೂ ಕೇಳದ ಹೊತ್ತಿನಲ್ಲಿ.

ಹಾಡುಗಳ ಲೆಕ್ಕ

ಕಾಗದ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ನಿರೂಪಣೆ, ಪ್ರಕಟಣೆ ಎಲ್ಲ ಸೇರಿದ ಒಂದು ಗಂಟೆಯ ಕಾರ್ಯಕ್ರಮದಲ್ಲಿ ನಾಲ್ಕು ನಿಮಿಷದ ಸುಮಾರು 12 ಹಾಡುಗಳು ಹಿಡಿಸುತ್ತವೆ. ದಿನಕ್ಕೆ ಎರಡು ಗಂಟೆ ಸ್ಥಳೀಯ ಸಂಗೀತ ಎಂದರೆ 24 ಹಾಡು, ವಾರಕ್ಕೆ 168. ಒಬ್ಬೊಬ್ಬ ಸಂಗೀತಗಾರರ ಬಳಿ ಪ್ರಸಾರಕ್ಕೆ ಯೋಗ್ಯವಾದ ಮೂರು ಧ್ವನಿಮುದ್ರಣಗಳಿವೆ ಎಂದಿಟ್ಟುಕೊಂಡರೂ ಒಂದು ಹಾಡೂ ಮರುಕಳಿಸದಂತೆ ವಾರ ತುಂಬಿಸಲು 56 ಮಂದಿ ಬೇಕು. ಮುಂದಿನ ವಾರಕ್ಕೆ ಮತ್ತೆ 56 ಮಂದಿ ಎಲ್ಲಿಂದ ಬರಬೇಕು?

ಈ ಲೆಕ್ಕ ನೋಡಿ ಕೈಚೆಲ್ಲಬೇಕಾಗಿಲ್ಲ. ಒಂದು ಹಾಡನ್ನು ಒಮ್ಮೆ ಹಾಕಿ ಬಿಟ್ಟರೆ ಅದು ಪ್ರಚಾರವೇ ಅಲ್ಲ. ಹಾಡಿದವರಿಗೊಂದು ಮರ್ಯಾದೆ ಮಾಡಿ ಕಳುಹಿಸಿದಂತೆ, ಅಷ್ಟೆ. ಮೊದಲ ಸಲ ಕಿವಿಗೆ ಬಿದ್ದ ರಾಗ ಗುರುತು ಹತ್ತುವುದಿಲ್ಲ. ನಾಲ್ಕೈದು ಸಲ ಬಿದ್ದಮೇಲೆ ಕೇಳುಗ ತನಗರಿವಿಲ್ಲದೆ ಗುನುಗುತ್ತಾನೆ. ವಾಣಿಜ್ಯ ಕೇಂದ್ರಗಳು ಒಂದೇ ಹಾಡನ್ನು ದಿನಕ್ಕೆ ಹಲವು ಬಾರಿ ಹಾಕುವ ಗುಟ್ಟು ಇದೇ. ಆದ್ದರಿಂದ ವಾರಕ್ಕೆ 40 ಹಾಡುಗಳ ಒಂದು ಪಟ್ಟಿ ಮಾಡಿ, ಒಂದೊಂದನ್ನೂ ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕು ಬಾರಿ ಹಾಕಿ. ಪ್ರತಿ ವಾರ ಎಂಟು ಹತ್ತು ಹಾಡುಗಳನ್ನು ತೆಗೆದು ಹೊಸದನ್ನು ಸೇರಿಸುತ್ತ ಹೋಗಿ. ಇದಕ್ಕೆ ಬೇಕಾಗುವ ಸಂಗೀತಗಾರರ ಬಳಗ ಯಾವ ಊರಿನಲ್ಲಾದರೂ ಸಿಗುತ್ತದೆ.

‘ಸ್ಥಳೀಯ’ ಎಂದರೆ ಯಾರು ಎಂಬ ತಗಾದೆ ಮಾತ್ರ ಬಂದೇ ಬರುತ್ತದೆ. ಇಲ್ಲಿ ಹುಟ್ಟಿ ಬೇರೆಡೆ ನೆಲೆಸಿದವರು, ಬೇರೆಡೆ ಹುಟ್ಟಿ ಇಲ್ಲಿ ಹಾಡುವವರು, ಇಲ್ಲಿನವರ ಕವಿತೆಗೆ ಹೊರಗಿನವರು ರಾಗ ಹಾಕಿದ್ದು, ಹೀಗೆ. ಕೆನಡಾ 1971ರಲ್ಲಿ ತನ್ನ ಬಾನುಲಿಗಳಿಗೆ ದೇಶೀ ಸಂಗೀತದ ಪಾಲು ನಿಗದಿ ಮಾಡಿದಾಗ ಇದೇ ತೊಡಕು ಎದುರಾಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ: ರಾಗ ಸಂಯೋಜನೆ, ಕಲಾವಿದ, ಪ್ರದರ್ಶನ ಅಥವಾ ಧ್ವನಿಮುದ್ರಣ ನಡೆದ ಜಾಗ, ಸಾಹಿತ್ಯ ಈ ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾಗಿದ್ದರೆ ಹಾಡು ಕೆನಡಾದ್ದು. ಈ ಅಳತೆಗೋಲನ್ನು ನಿಮ್ಮ ಪ್ರದೇಶಕ್ಕೆ ಹೊಂದಿಸಿ, ಬರೆದು, ಕೇಂದ್ರದ ಗೋಡೆಗೆ ಅಂಟಿಸಿ. ಜೊತೆಗೆ ಒಟ್ಟು ಸಂಗೀತದಲ್ಲಿ ಸ್ಥಳೀಯರ ಪಾಲು ಎಷ್ಟು ಎಂಬುದನ್ನೂ ಅಂಕಿಯಲ್ಲಿ ಹೇಳಿಬಿಡಿ. ಸಿಡ್ನಿಯ ಎಫ್‌ಬಿಐ ಎಂಬ ಸಮುದಾಯ ಕೇಂದ್ರ ತನ್ನ ಸಂಗೀತದ ಅರ್ಧ ಆಸ್ಟ್ರೇಲಿಯಾದ್ದು, ಅದರಲ್ಲೂ ಅರ್ಧ ಸಿಡ್ನಿಯದು ಎಂದು ಕಟ್ಟು ಹಾಕಿಕೊಂಡಿದೆ. ಅಂಕಿ ಇಲ್ಲದ ಆಶಯ ಆರು ತಿಂಗಳಲ್ಲಿ ಕರಗುತ್ತದೆ.

ಪರವಾನಗಿ

ಬಹುತೇಕ ದೇಶಗಳಲ್ಲಿ ಸಮುದಾಯ ಬಾನುಲಿಯ ಪರವಾನಗಿ ವ್ಯಕ್ತಿಗೆ ಸಿಗುವುದಿಲ್ಲ, ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗೆ ಸಿಗುತ್ತದೆ. ಹಾಗಾಗಿ ಸಂಸ್ಥೆಯ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳಬೇಕು. ಭಾರತದ 2006ರ ನೀತಿ ಅರ್ಜಿ ಹಾಕುವ ಸಂಸ್ಥೆಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು ಎಂದಿತು. ಪ್ರಸಾರದ ಶಕ್ತಿಯನ್ನು 100 ವಾಟ್‌ಗೆ ಮಿತಿಗೊಳಿಸಿತು. ಕಾರ್ಯಕ್ರಮದ ಕನಿಷ್ಠ ಅರ್ಧ ಭಾಗ ಆ ಸಮುದಾಯವೇ ಪಾಲ್ಗೊಂಡು ಸ್ಥಳೀಯವಾಗಿ ತಯಾರಿಸಿದ್ದಾಗಿರಬೇಕು ಎಂದು ವಿಧಿಸಿತು. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ಕಡಿಮೆ ಶಕ್ತಿಯ ಎಫ್.ಎಂ. ಕೇಂದ್ರಗಳಿಗೂ 100 ವಾಟ್‌ಗಳೇ ಮಿತಿ. ಅಲ್ಲಿ ಜಾಹೀರಾತು ಹಾಕುವಂತಿಲ್ಲ, ಪ್ರಾಯೋಜಕರ ಹೆಸರು ಹೇಳಬಹುದು ಅಷ್ಟೆ. ಅರ್ಜಿಯನ್ನೂ ಬೇಕೆಂದಾಗ ಹಾಕಲಾಗದು. 2013ರಲ್ಲಿ ತೆರೆದ ಬಾಗಿಲು ಮತ್ತೆ ತೆರೆದದ್ದು 2023ರಲ್ಲಿ. ನಿಮ್ಮಲ್ಲಿ ಅರ್ಜಿಯ ಅವಧಿ ಯಾವಾಗ, ಜಾಹೀರಾತಿಗೆ ಅವಕಾಶ ಇದೆಯೇ, ಸುದ್ದಿ ಪ್ರಸಾರಕ್ಕೆ ಏನು ನಿಬಂಧನೆ ಎಂಬ ಮೂರನ್ನು ನಿಯಂತ್ರಕರಿಂದಲೇ ಲಿಖಿತವಾಗಿ ತಿಳಿದುಕೊಳ್ಳಿ.

ಪರವಾನಗಿ ಬರುವ ಮುನ್ನ ‘ಸಣ್ಣ ಟ್ರಾನ್ಸ್‌ಮಿಟರ್ ತಾನೇ, ಯಾರಿಗೆ ಗೊತ್ತಾಗುತ್ತದೆ’ ಎಂದು ಪ್ರಯೋಗಕ್ಕೆ ಇಳಿಯುವವರಿದ್ದಾರೆ. ಕಾನೂನಿನ ಮಾತು ಪಕ್ಕಕ್ಕಿರಲಿ, ಎಫ್.ಎಂ. ತರಂಗಗಳ ಪಟ್ಟಿ (ಬ್ಯಾಂಡ್) 108 ಮೆಗಾಹರ್ಟ್ಸ್‌ಗೆ ಮುಗಿಯುತ್ತಿದ್ದಂತೆ ವಿಮಾನಗಳ ದಿಕ್ಸೂಚಿ ಮತ್ತು ಸಂವಹನದ ತರಂಗಗಳು ಶುರುವಾಗುತ್ತವೆ. ಸರಿಯಾದ ಫಿಲ್ಟರ್ ಇಲ್ಲದ ಅಗ್ಗದ ಟ್ರಾನ್ಸ್‌ಮಿಟರ್ ತನ್ನ ಕಂಪನಾಂಕದ ಆಚೆಗೂ ಉಗುಳುತ್ತದೆ, ಅದು ಹೋಗಿ ಅಲ್ಲಿಗೇ ಬೀಳಬಹುದು. ಕಾಯುವ ಕಾಲವನ್ನು ಧ್ವನಿಮುದ್ರಣಕ್ಕೆ ಬಳಸಿ, ಅಂತರ್ಜಾಲದಲ್ಲಿ ಪ್ರಸಾರ ಆರಂಭಿಸಿ. ಬ್ರಿಟನ್ನಿನಂತೆ 28 ದಿನಗಳ ತಾತ್ಕಾಲಿಕ ಪರವಾನಗಿ ಕೊಡುವ ದೇಶವಾದರೆ ಅದನ್ನು ಖಂಡಿತ ಪಡೆಯಿರಿ. ತಿಂಗಳೊಪ್ಪತ್ತು ನಿಜವಾದ ಗಾಳಿಯಲ್ಲಿ ನಡೆಸಿದರೆ ತಂಡದಲ್ಲಿ ಯಾರು ಬೆಳಗಿನ ಪಾಳಿಗೆ ಏಳುತ್ತಾರೆ, ಯಾರು ಏಳುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹಕ್ಕಿನ ಕಾಗದ

ಈ ಹೆಜ್ಜೆಯನ್ನು ಬೇಸರದ ಕೆಲಸವೆಂದು ಮುಂದೂಡುವವರೇ ಹೆಚ್ಚು. ಸಂಗೀತಗಾರರಿಗೂ ಕೇಂದ್ರಕ್ಕೂ ಮನಸ್ತಾಪ ಹುಟ್ಟುವುದು ಬಹುತೇಕ ಇಲ್ಲೇ.

ಒಂದು ಧ್ವನಿಮುದ್ರಿತ ಹಾಡಿನಲ್ಲಿ ಎರಡು ಬೇರೆ ಆಸ್ತಿಗಳಿವೆ. ಸಾಹಿತ್ಯ ಮತ್ತು ರಾಗ ಒಂದು, ಆ ಮುದ್ರಿಕೆ ಇನ್ನೊಂದು. ಸಾಹಿತ್ಯ ಒಬ್ಬರದು, ರಾಗ ಮತ್ತೊಬ್ಬರದು, ಮುದ್ರಣಕ್ಕೆ ಹಣ ಹಾಕಿದ ಸ್ಟುಡಿಯೊ ಮೂರನೆಯವರದು ಆಗಿರಬಹುದು. ಹಾಡಿದವರು ಎದುರಿಗೆ ನಿಂತು ‘ಧಾರಾಳವಾಗಿ ಹಾಕಿ’ ಎಂದರೆ ಅದು ಅವರ ಪಾಲಿನ ಒಪ್ಪಿಗೆ ಮಾತ್ರ. ಇದಲ್ಲದೆ, ಸಂಗೀತಗಾರ ಯಾವುದಾದರೂ ಹಕ್ಕು ಸಂಗ್ರಹ ಸಂಘದ (ಹಾಡು ಬಳಸುವವರಿಂದ ಶುಲ್ಕ ಪಡೆದು ಒಡೆಯರಿಗೆ ಹಂಚುವ ಸಂಘ) ಸದಸ್ಯನಾಗಿ ಪ್ರಸಾರದ ಹಕ್ಕನ್ನು ಅದಕ್ಕೆ ಬರೆದುಕೊಟ್ಟಿದ್ದರೆ ತನ್ನ ಹಾಡಿಗೆ ತಾನೇ ಅನುಮತಿ ಕೊಡಲು ಆತನಿಗೆ ಅಧಿಕಾರ ಇಲ್ಲದಿರಬಹುದು. ‘ನೀವು ಯಾವ ಸಂಘದ ಸದಸ್ಯರು?’ ಎಂಬುದು ಸಂಗೀತಗಾರರಿಂದ ತುಂಬಿಸಿಕೊಳ್ಳುವ ಅರ್ಜಿ ನಮೂನೆಯ ಮೊದಲ ಪ್ರಶ್ನೆಯಾಗಿರಲಿ.

ಸ್ಥಳೀಯ ತಂಡವೊಂದು ಹೆಸರಾಂತ ಹಾಡನ್ನು ತಮ್ಮ ಧಾಟಿಯಲ್ಲಿ ಹಾಡಿದರೆ ಮುದ್ರಿಕೆ ಅವರದಾಗುತ್ತದೆ, ಹಾಡು ಅವರದಾಗುವುದಿಲ್ಲ. ಮೂಲ ರಚನಕಾರರ ಹಕ್ಕು ಹಾಗೆಯೇ ಇರುತ್ತದೆ. ಜಾನಪದ ಗೀತೆಗಳ ವಿಷಯ ಇನ್ನೂ ಸೂಕ್ಷ್ಮ. ಹಾಡು ಯಾರ ಸ್ವತ್ತೂ ಅಲ್ಲದಿರಬಹುದು, ಆದರೆ ಅದಕ್ಕೆ ಹೊಸದಾಗಿ ಮಾಡಿದ ವಾದ್ಯ ಸಂಯೋಜನೆಗೂ ಆ ಮುದ್ರಿಕೆಗೂ ಒಡೆಯರಿರುತ್ತಾರೆ. ಕೆಲವು ಹಾಡುಗಳನ್ನು ನಿರ್ದಿಷ್ಟ ಸಂದರ್ಭದಲ್ಲಲ್ಲದೆ ಹಾಡಬಾರದು ಎಂದು ಆ ಸಮುದಾಯವೇ ಕಟ್ಟಳೆ ಇಟ್ಟುಕೊಂಡಿರುತ್ತದೆ. ಅಂಥಲ್ಲಿ ಕಾನೂನು ಬಿಟ್ಟರೂ ಹಿರಿಯರನ್ನು ಕೇಳದೆ ಪ್ರಸಾರ ಮಾಡುವುದು ಸಲ್ಲದು.

ಎಫ್.ಎಂ. ಪ್ರಸಾರಕ್ಕೆ ಸಿಕ್ಕ ಅನುಮತಿ ಅಂತರ್ಜಾಲಕ್ಕೆ ತಾನಾಗಿ ಹಿಗ್ಗುವುದಿಲ್ಲ ಎಂಬುದನ್ನೂ ನೆನಪಿಡಿ. ಅಮೆರಿಕದಲ್ಲಂತೂ ಗೋಪುರದಿಂದ ಹೋಗುವ ಪ್ರಸಾರಕ್ಕೆ ಮುದ್ರಿಕೆಯ ಒಡೆಯರಿಗೂ ಹಾಡಿದವರಿಗೂ ಏನೂ ಕೊಡಬೇಕಾಗಿಲ್ಲ. ಅದೇ ಹಾಡು ಅಂತರ್ಜಾಲದಲ್ಲಿ ಹರಿದರೆ ಕೊಡಬೇಕು.

ಒಪ್ಪಂದ ಪತ್ರ ಒಂದು ಪುಟ ಮೀರದಿರಲಿ, ಸಂಗೀತಗಾರ ಮಾತನಾಡುವ ಭಾಷೆಯಲ್ಲೇ ಇರಲಿ. ಹಾಡಿನ ಒಡೆತನ ಅದರ ಒಡೆಯರಲ್ಲೇ ಉಳಿಯುತ್ತದೆ, ಕೇಂದ್ರಕ್ಕೆ ಸಿಗುವುದು ಪ್ರಸಾರದ ಅನುಮತಿ ಮಾತ್ರ, ಅದೇ ಅನುಮತಿಯನ್ನು ಅವರು ಬೇರೆ ಯಾರಿಗೆ ಬೇಕಾದರೂ ಕೊಡಬಹುದು ಎಂದು ಮೊದಲ ಸಾಲುಗಳಲ್ಲೇ ಬರಲಿ. ಎಫ್.ಎಂ., ಅಂತರ್ಜಾಲ, ಸಂಗ್ರಹ, ಬೇರೆ ಕೇಂದ್ರಗಳೊಂದಿಗೆ ವಿನಿಮಯ ಇವಕ್ಕೆ ಪ್ರತ್ಯೇಕ ಚೌಕಗಳಿದ್ದು, ಬೇಕಾದದ್ದಕ್ಕೆ ಮಾತ್ರ ಗುರುತು ಹಾಕುವಂತಿರಲಿ. ಹಣ ಕೊಡುವುದಾದರೆ ಎಷ್ಟು, ಕೊಡುವುದಿಲ್ಲವಾದರೆ ಕೊಡುವುದಿಲ್ಲ ಎಂದೇ ಬರೆಯಿರಿ. ಹಾಡನ್ನು ಹಿಂಪಡೆಯಬೇಕೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೂ ಇರಲಿ. ತಂಡವಾಗಿದ್ದರೆ ಎಲ್ಲರ ಸಹಿ ಹಾಕಿಸಿ; ತಂಡಗಳು ಒಡೆಯುತ್ತವೆ.

ಧ್ವನಿಮುದ್ರಣ

ಸಂಗೀತಗಾರರು ಮೊಬೈಲಿನಲ್ಲಿ ಹಿಡಿದು ಕಳುಹಿಸಿದ್ದನ್ನು ಹಾಗೆಯೇ ಪ್ರಸಾರ ಮಾಡಿದರೆ ಅವರಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ವೃತ್ತಿಪರ ಮುದ್ರಿಕೆಯ ಪಕ್ಕದಲ್ಲಿ ಅದು ಸಪ್ಪೆಯಾಗಿ ಕೇಳಿಸುತ್ತದೆ, ಕೇಳುಗ ಅದನ್ನು ಹಾಡುಗಾರಿಕೆಯ ದೋಷವೆಂದೇ ಭಾವಿಸುತ್ತಾನೆ. ಆದ್ದರಿಂದ ಕೇಂದ್ರದ ಹಣದ ದೊಡ್ಡ ಪಾಲು ಹೋಗಬೇಕಾದದ್ದು ಒಂದು ಒಳ್ಳೆಯ ಕೋಣೆಗೆ ಮತ್ತು ನಾಲ್ಕೈದು ಮೈಕ್‌ಗಳಿಗೆ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿನ ಹಿಂದೆ ಚಿರ್ರೆನ್ನುವ ಬಾಲ ಕೇಳಿಸಿದರೆ ಎದುರುಬದುರು ಗೋಡೆಗಳು ಧ್ವನಿಯನ್ನು ಚೆಂಡಾಡುತ್ತಿವೆ ಎಂದರ್ಥ. ದಪ್ಪ ಕಂಬಳಿ, ಗೋಡೆಯಿಂದ ಒಂದು ಗೇಣು ದೂರ ತೂಗುಹಾಕಿದ ಭಾರದ ಪರದೆ, ಪುಸ್ತಕ ತುಂಬಿದ ಕಪಾಟು ಇಷ್ಟರಲ್ಲೇ ಬಹಳಷ್ಟು ಹಿಡಿತಕ್ಕೆ ಬರುತ್ತದೆ. ಮೊಟ್ಟೆಯ ತಟ್ಟೆಗಳನ್ನು ಅಂಟಿಸುವ ಹಳೆಯ ನಂಬಿಕೆಯನ್ನು ಬಿಟ್ಟುಬಿಡಿ. ಅವು ತೀರ ಹಗುರ, ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಮಂದ್ರ ಸ್ವರಗಳನ್ನೂ ಹೀರುವುದಿಲ್ಲ, ಬೆಂಕಿ ಬಿದ್ದರೆ ಅಪಾಯ ಬೇರೆ.

ಗಿಟಾರ್ ನುಡಿಸುತ್ತ ಹಾಡುವ ಒಬ್ಬರು ಬಂದರು ಎನ್ನಿ. ಧ್ವನಿಗೆ ಒಂದು ಡೈನಾಮಿಕ್ ಮೈಕ್, ತುಟಿಯಿಂದ ಅರ್ಧ ಗೇಣು ದೂರ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ. ಇಲ್ಲವಾದರೆ ಪ, ಬ, ಮಹಾಪ್ರಾಣಗಳ ಗಾಳಿ ನೇರವಾಗಿ ಮೈಕಿಗೆ ಬಡಿಯುತ್ತದೆ. ಗಿಟಾರಿಗೆ ಇನ್ನೊಂದು ಮೈಕ್, ಅದರ ಕತ್ತು ಒಡಲನ್ನು ಸೇರುವ ಜಾಗಕ್ಕೆ ಗುರಿಯಿಟ್ಟು, 20ರಿಂದ 30 ಸೆಂಟಿಮೀಟರ್ ದೂರ. ನಡುವಿನ ದೊಡ್ಡ ರಂಧ್ರಕ್ಕೆ ಗುರಿಯಿಟ್ಟರೆ ಗುಂಯ್‌ಗುಡುವ ಮಂದ್ರವಷ್ಟೇ ತುಂಬಿಕೊಳ್ಳುತ್ತದೆ. ಕೊಳಲಾದರೆ ಮೈಕನ್ನು ತುದಿಗೆ ಇಡಬೇಡಿ. ನಾದ ಹೊರಡುವುದು ಊದುವ ರಂಧ್ರದಿಂದ ಮತ್ತು ತೆರೆದ ಬೆರಳ ರಂಧ್ರಗಳಿಂದ. ಉಸಿರಿನ ದಾರಿ ತಪ್ಪಿಸಿ ಸ್ವಲ್ಪ ಮೇಲಿನಿಂದ ಹಿಡಿಯಿರಿ. ಜೊತೆಗೆ ತಾಳವಾದ್ಯ ಇದ್ದರೆ ಹಾಡುಗಾರರ ಮೈಕಿನ ಬೆನ್ನು ಅದರ ಕಡೆಗಿರುವಂತೆ ಕೂರಿಸಿ. ಹೃದಯಾಕಾರದ ಗ್ರಹಣವಿರುವ ಮೈಕ್ ಹಿಂಬದಿಯಿಂದ ಬರುವುದನ್ನು ಬಹುಮಟ್ಟಿಗೆ ಕೇಳಿಸಿಕೊಳ್ಳುವುದಿಲ್ಲ. ಇಷ್ಟು ಮಾಡಿದರೆ ಆಮೇಲೆ ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ತಿದ್ದುವುದು ತಪ್ಪುತ್ತದೆ.

ಮುದ್ರಣವನ್ನು 48 ಕಿಲೋಹರ್ಟ್ಸ್, 24 ಬಿಟ್‌ಗಳಲ್ಲಿ ಮಾಡಿ. ಅತಿ ಜೋರಾದ ಭಾಗವೂ ಮಾಪಕದಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲಲಿ. ತಾಲೀಮಿನಲ್ಲಿ ಮೆಲ್ಲಗೆ ಹಾಡಿದವರು ನಿಜವಾದ ಮುದ್ರಣದಲ್ಲಿ ದನಿ ಎತ್ತುತ್ತಾರೆ, ಅದಕ್ಕೆ ಜಾಗ ಬೇಕು. ಮೊದಲ ಅರ್ಧ ನಿಮಿಷ ಮುದ್ರಿಸಿ ಹೆಡ್‌ಫೋನಿನಲ್ಲೂ ಸಣ್ಣ ರೇಡಿಯೊ ಸ್ಪೀಕರಿನಲ್ಲೂ ಕೇಳಿ. ನಿಮ್ಮ ಕೇಳುಗರ ಬಳಿ ಇರುವುದು ಎರಡನೆಯದು. ಕೊನೆಯಲ್ಲಿ ಎಲ್ಲ ಹಾಡುಗಳ ಗಟ್ಟಿತನವನ್ನು ಒಂದೇ ಮಟ್ಟಕ್ಕೆ ತನ್ನಿ. ಯುರೋಪಿನ ಪ್ರಸಾರ ಸಂಸ್ಥೆಗಳು ಮೈನಸ್ 23 ಎಲ್‌ಯುಎಫ್‌ಎಸ್ (ಇದು ಗಟ್ಟಿತನ ಅಳೆಯುವ ಮಾನ) ಎಂಬ ಮಟ್ಟವನ್ನು ಪಾಲಿಸುತ್ತವೆ. ನೀವು ಬೇರೆ ಅಂಕಿ ಇಟ್ಟುಕೊಂಡರೂ ಅಡ್ಡಿಯಿಲ್ಲ, ಆದರೆ ಎಲ್ಲಕ್ಕೂ ಅದೊಂದೇ ಇರಲಿ. ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲೇ ಈ ಕೆಲಸ ಆಗುತ್ತದೆ.

ಗಾಳಿಗೆ ಬಿಡುವುದು

ಯಂತ್ರಗಳ ವಿಷಯವನ್ನು ತಿಳಿದ ತಂತ್ರಜ್ಞರಿಗೆ ಬಿಡಿ. ಆದರೆ ಅವರು ಹೇಳುವುದು ಅರ್ಥವಾಗುವಷ್ಟು ನಿಮಗೂ ತಿಳಿದಿರಬೇಕು. ಎಫ್.ಎಂ. ತರಂಗ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲಿ ಸಾಗುತ್ತದೆ. ನೆಲದಿಂದ 30 ಮೀಟರ್ ಎತ್ತರದ ಆಂಟೆನಾಕ್ಕೆ ಬಾನುಲಿ ದಿಗಂತ, ಅಂದರೆ ತರಂಗ ನೇರವಾಗಿ ತಲುಪಬಲ್ಲ ದೂರ, ಸುಮಾರು 22 ಕಿಲೋಮೀಟರ್. 100 ವಾಟ್‌ಗಳ ಸದ್ದು ಅಷ್ಟು ದೂರ ಚೊಕ್ಕವಾಗಿ ಮುಟ್ಟುವುದಿಲ್ಲ. ಅಮೆರಿಕದ ನಿಯಂತ್ರಕರು ಇದೇ ಶಕ್ತಿ ಮತ್ತು ಎತ್ತರಕ್ಕೆ ಸುಮಾರು 5.6 ಕಿಲೋಮೀಟರ್ ಸೇವಾವ್ಯಾಪ್ತಿ ಎಂದು ಹೇಳುತ್ತಾರೆ. ತರಂಗದ ಬಲ ಎರಡರಷ್ಟಾಗಬೇಕಾದರೆ ಟ್ರಾನ್ಸ್‌ಮಿಟರಿನ ಶಕ್ತಿ ನಾಲ್ಕರಷ್ಟಾಗಬೇಕು. ಹಾಗಾಗಿ ವಾಟ್‌ಗಳ ಹಿಂದೆ ಓಡುವುದಕ್ಕಿಂತ ಆಂಟೆನಾಕ್ಕೆ ಎತ್ತರದ, ಅಡೆತಡೆಯಿಲ್ಲದ ಜಾಗ ಹುಡುಕುವುದು ಜಾಣತನ.

ಜನ ಕಡೆಗಣಿಸುವುದು ಕೇಬಲ್ಲನ್ನು. ತೆಳುವಾದ ಆರ್‌ಜಿ-58 ಕೇಬಲ್ಲನ್ನು 30 ಮೀಟರ್ ಎಳೆದರೆ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ದಾರಿಯಲ್ಲೇ ಬಿಸಿಯಾಗಿ ಸೋರುತ್ತದೆ. ದಪ್ಪನೆಯ, ಕಡಿಮೆ ನಷ್ಟದ ಕೇಬಲ್ಲಿನಲ್ಲಿ ಮುಕ್ಕಾಲು ಭಾಗ ಮೇಲೆ ಮುಟ್ಟುತ್ತದೆ. ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರನ್ನು ಚಾಲೂ ಮಾಡಬೇಡಿ, ಕ್ಷಣದಲ್ಲಿ ಸುಟ್ಟುಹೋಗಬಹುದು. ಸಿಡಿಲಿಗೆ ಭೂಸಂಪರ್ಕ ಕೊಡಿಸಿ. ಪ್ರೀ-ಎಂಫಸಿಸ್ (ಪ್ರಸಾರಕ್ಕೆ ಮುನ್ನ ತಾರ ಸ್ವರಗಳನ್ನು ಎತ್ತುವುದು) ಎಂಬ ಹೊಂದಾಣಿಕೆ ಅಮೆರಿಕ ಖಂಡಗಳಲ್ಲಿ 75 ಮೈಕ್ರೊಸೆಕೆಂಡ್, ಭಾರತ ಮತ್ತು ಯುರೋಪಿನಲ್ಲಿ 50. ಅದು ಅದಲುಬದಲಾದರೆ ಎಲ್ಲ ಹಾಡುಗಳೂ ವಿನಾಕಾರಣ ಕೀರಲಾಗಿಯೋ ಮಂಕಾಗಿಯೋ ಕೇಳಿಸುತ್ತವೆ. ಟ್ರಾನ್ಸ್‌ಮಿಟರಿನಲ್ಲಿ ಆರ್‌ಡಿಎಸ್ ಸೌಲಭ್ಯವಿದ್ದರೆ ಬಳಸಿ: ಕಾರಿನ ರೇಡಿಯೊ ಪರದೆಯ ಮೇಲೆ 64 ಅಕ್ಷರಗಳವರೆಗೆ ಹಾಡಿನ, ಹಾಡಿದವರ ಹೆಸರು ಮೂಡುತ್ತದೆ.

ಅಂತರ್ಜಾಲ ಪ್ರಸಾರದ ಲೆಕ್ಕ ಬೇರೆ. ಸೆಕೆಂಡಿಗೆ 128 ಕಿಲೋಬಿಟ್‌ನಲ್ಲಿ ಒಬ್ಬ ಕೇಳುಗ ಗಂಟೆಗೆ ಸುಮಾರು 58 ಮೆಗಾಬೈಟ್ ಎಳೆದುಕೊಳ್ಳುತ್ತಾನೆ. ಏಕಕಾಲಕ್ಕೆ ನೂರು ಜನ ಸೇರಿದರೆ ಸರ್ವರ್ ಸೆಕೆಂಡಿಗೆ 12.8 ಮೆಗಾಬಿಟ್ ಹೊರಹಾಕಬೇಕು. ಎಫ್.ಎಂ.ನಲ್ಲಿ ಕೇಳುಗರು ಹೆಚ್ಚಿದರೆ ಖರ್ಚು ಹೆಚ್ಚುವುದಿಲ್ಲ, ಇಲ್ಲಿ ಹೆಚ್ಚುತ್ತದೆ. ಕಾರ್ಯಕ್ರಮ ಸರದಿಗೆ ಲಿಬ್ರೆಟೈಮ್, ರಿವೆಂಡೆಲ್, ಅಂತರ್ಜಾಲಕ್ಕೆ ಅಜುರಾಕಾಸ್ಟ್ ಮುಂತಾದ ಮುಕ್ತ ತಂತ್ರಾಂಶಗಳಿವೆ.

ಹೆಸರು ಹೇಳುವ ಶಿಸ್ತು

ಹಾಡು ಚೆನ್ನಾಗಿದೆ, ಕೇಳುಗನಿಗೆ ಹಿಡಿಸಿತು, ಆದರೆ ಯಾರು ಹಾಡಿದ್ದು ಎಂದು ತಿಳಿಯಲಿಲ್ಲ ಎಂದರೆ ಇಷ್ಟೆಲ್ಲ ಕೆಲಸ ಹೊಳೆಯಲ್ಲಿ ಹುಣಿಸೆ ಕದಡಿದಂತೆ. ಬಾನುಲಿ ಕೇಳುವವರು ಹಾಡಿನ ನಡುವೆ ಬಂದು ಸೇರುತ್ತಾರೆ. ಆದ್ದರಿಂದ ಹೆಸರು ಹಾಡಿಗೆ ಮೊದಲೂ ಬರಬೇಕು, ಮುಗಿದಮೇಲೂ ಬರಬೇಕು; ಎರಡರಲ್ಲಿ ಒಂದನ್ನೇ ಹೇಳಲು ಸಮಯವಿದ್ದರೆ ಮುಗಿದಮೇಲೆ ಹೇಳಿ. ಮೂರು ಹಾಡು ಒಟ್ಟಿಗೆ ಹಾಕಿ ಕೊನೆಯಲ್ಲಿ ಮೂರು ಹೆಸರು ಉದುರಿಸುವ ಅಭ್ಯಾಸ ಬೇಡ. ಉಚ್ಚಾರಣೆಯನ್ನು ಕಲಾವಿದರಿಂದಲೇ ಮುದ್ರಿಸಿಟ್ಟುಕೊಳ್ಳಿ.

ಹೊಗಳಿಕೆ ಕಡಿಮೆ ಮಾಡಿ, ಮಾಹಿತಿ ಹೆಚ್ಚಿಸಿ. ‘ಅದ್ಭುತ ಪ್ರತಿಭೆಯ ಸುಮಧುರ ಕಂಠದಲ್ಲಿ’ ಎಂದರೆ ಕೇಳುಗನ ಕಿವಿ ಮುಚ್ಚಿಕೊಳ್ಳುತ್ತದೆ. ‘ಈ ಹಾಡಿನ ಎರಡನೆಯ ಚರಣದಲ್ಲಿ ವಾದ್ಯಗಳೆಲ್ಲ ನಿಂತು ಧ್ವನಿಯೊಂದೇ ಉಳಿಯುತ್ತದೆ, ಅಲ್ಲಿ ಗಮನವಿಡಿ’ ಎಂದರೆ ಆತ ಎರಡನೆಯ ಚರಣದವರೆಗೂ ಕಾಯುತ್ತಾನೆ. ಸಂದರ್ಶನಕ್ಕೂ ಇದೇ ಮಾತು. ‘ನಿಮ್ಮ ಸಂಗೀತ ಪಯಣ ಹೇಗೆ ಆರಂಭವಾಯಿತು’ ಎಂಬ ಪ್ರಶ್ನೆಗೆ ಎಲ್ಲರ ಉತ್ತರವೂ ಒಂದೇ. ಬರೆದು ಕೈಬಿಟ್ಟ ಸಾಲು ಯಾವುದು, ಅದನ್ನೊಮ್ಮೆ ಹಾಡಿ ತೋರಿಸುತ್ತೀರಾ ಎಂದು ಕೇಳಿ ನೋಡಿ.

ಸ್ಥಳೀಯ ಹಾಡುಗಳನ್ನು ಪ್ರತ್ಯೇಕ ಕಾರ್ಯಕ್ರಮಕ್ಕೆ ಸೀಮಿತಗೊಳಿಸುವುದು ಅವನ್ನು ಮೂಲೆಗೆ ಕೂರಿಸುವ ಸಭ್ಯ ಉಪಾಯ. ಜನ ಹೆಚ್ಚು ಕೇಳುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ, ಪರಿಚಿತ ಎರಡು ಹಾಡುಗಳ ನಡುವೆ ಇವನ್ನು ಕೂರಿಸಿ. ಹಾಡು ಯಾವ ದಿನ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹಿಂದಿನ ದಿನವೇ ಕಲಾವಿದರಿಗೆ ತಿಳಿಸಿದರೆ ಅವರ ಬಂಧುಬಳಗವೆಲ್ಲ ಕೇಳುಗರಾಗುತ್ತಾರೆ. ಪ್ರತಿ ಪ್ರಸಾರದ ದಿನ, ಸಮಯ, ಹಾಡು, ರಚನಕಾರರ ಹೆಸರಿನ ದಾಖಲೆ ಇಟ್ಟು ತಿಂಗಳಿಗೊಮ್ಮೆ ಅವರಿಗೆ ಕಳುಹಿಸಿ. ಸಂಘಗಳಿಂದ ಬರಬೇಕಾದ ಗೌರವಧನವನ್ನು ಕೇಳಲು ಅದು ಆಧಾರ. ಹೊಸ ಮುದ್ರಿಕೆಗಳಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು ಸಂಖ್ಯೆ ಪಡೆಯಲು ನೆರವಾಗಿ.

ಯಾರ ಹಾಡು, ಯಾರ ಹಣ

ಹಾಡುಗಳನ್ನು ಆರಿಸುವವರು ಮೂರು ಮಂದಿಗಿಂತ ಕಡಿಮೆ ಇರಬಾರದು, ಹೆಸರು ನೋಡದೆ ಕೇಳಬೇಕು, ಸ್ವಂತ ತಂಡದ ಹಾಡು ಬಂದಾಗ ಹೊರಗೆ ಹೋಗಬೇಕು. ಆಯ್ಕೆಯಾಗದವರಿಗೂ ಉತ್ತರ ಬರೆಯಿರಿ, ಕಾರಣ ಸಹಿತ. ಮೌನಕ್ಕಿಂತ ‘ಧ್ವನಿ ಚೆನ್ನಾಗಿದೆ, ಹಿನ್ನೆಲೆಯ ಫ್ಯಾನಿನ ಸದ್ದು ಜೋರಾಗಿದೆ, ನಮ್ಮ ಕೋಣೆಗೆ ಬಂದು ಮತ್ತೆ ಹಾಡಿ’ ಎಂಬ ಒಂದು ಸಾಲು ಎಷ್ಟೋ ಮೇಲು.

ಹಾಡು ಹಾಕಲು ಸಂಗೀತಗಾರರಿಂದ ಹಣ ಪಡೆಯಬೇಡಿ. ‘ಸ್ವಯಂಪ್ರೇರಿತ ದೇಣಿಗೆ’ ಎಂಬ ಹೆಸರಿನಲ್ಲೂ ಬೇಡ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾನುಲಿ ನಿರೂಪಕರು ಧ್ವನಿಮುದ್ರಿಕೆ ಕಂಪನಿಗಳಿಂದ ಗುಟ್ಟಾಗಿ ಹಣ ಪಡೆದು ಹಾಡು ಹಾಕುತ್ತಿದ್ದುದು ಬಯಲಾಗಿ, 1960ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಸಣ್ಣ ಕೇಂದ್ರದಲ್ಲಿ ಅಷ್ಟು ದೊಡ್ಡ ಹಗರಣವೇನೂ ಬೇಡ, ಒಂದು ಗುಸುಗುಸು ಸಾಕು, ಪಟ್ಟಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಕೇಳುಗರ ವಾರ್ಷಿಕ ಸದಸ್ಯತ್ವ, ಕಾನೂನು ಒಪ್ಪುವ ಪ್ರಾಯೋಜಕತ್ವ, ಸಂಗೀತ ಕಚೇರಿಗಳ ಟಿಕೆಟ್, ಧ್ವನಿಮುದ್ರಣ ಕೋಣೆಯ ಬಾಡಿಗೆ ಇವು ನೇರ ದಾರಿಗಳು. ಮೆಲ್ಬರ್ನಿನ ಟ್ರಿಪಲ್ ಆರ್ ಸಮುದಾಯ ಕೇಂದ್ರ ವರ್ಷಕ್ಕೊಮ್ಮೆ ಗಾಳಿಯಲ್ಲೇ ಸದಸ್ಯತ್ವ ಅಭಿಯಾನ ನಡೆಸುತ್ತದೆ. ಕೇಂದ್ರಕ್ಕೆ ದೊಡ್ಡ ಆಧಾರ ಈ ಸದಸ್ಯರು.

ಇನ್ನು ಸಂಗ್ರಹ. ಪ್ರತಿ ಮುದ್ರಿಕೆಯ ಮೂಲ ಕಡತವನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಅದರಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿ ಇಡಿ. ಕಡತದ ಹೆಸರಿನಲ್ಲೇ ದಿನಾಂಕ, ಕಲಾವಿದರು, ಹಾಡು ಇರಲಿ. ‘ಫೈನಲ್ ಹೊಸದು 2’ ಎಂಬಂಥ ಹೆಸರುಗಳಿಗೆ ಅವಕಾಶ ಕೊಡಬೇಡಿ. ಮೂರನೆಯ ಪ್ರತಿಯನ್ನು ಮುದ್ರಣವಾದ ದಿನವೇ ಹಾಡಿದವರ ಕೈಗೆ ಕೊಟ್ಟು ಕಳುಹಿಸಿ. ಪರವಾನಗಿ ನವೀಕರಣವಾಗದೆ ಕೇಂದ್ರ ಮುಚ್ಚಿದರೆ ಉಳಿದ ಸಂಗ್ರಹ ಯಾವ ಗ್ರಂಥಾಲಯಕ್ಕೆ ಅಥವಾ ಸಂಸ್ಥೆಗೆ ಹೋಗಬೇಕು ಎಂಬುದನ್ನು ಸಂಸ್ಥೆಯ ನಿಯಮಾವಳಿಯಲ್ಲಿ ನೋಂದಣಿಯ ಹೊತ್ತಿಗೇ ಬರೆದಿಡಿ.